ತಾಯಿ ಮೋನಿಕಾ ಅವರನ್ನೂ ನೆನೆಯೋಣ

ಮಾನ್ಯರೇ,

ಆಗಸ್ಟ್ 27 ಸಂತ ಮೋನಿಕಾ ಅವರ ಸ್ಮರಣೆಯ ದಿನ. ಇಂದಿನ ಅಲ್ಜೀರಿಯಾದಲ್ಲಿದ್ದ ತಗಸ್ತೆಯ ಈ ಗೃಹಿಣಿ, ಕ್ರೈಸ್ತ ನಂಬಿಕೆಯಿಂದ ದೂರ ಸರಿದಿದ್ದ, ಮುಂದೆ ಸಂತರೂ ಮಹಾಪಂಡಿತರೂ ಆದ ಮಗ ಅಗಸ್ಟೀನರಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ್ದಲ್ಲದೆ, ತಮಗೆ ತಿಳಿಸದೆ ಅವರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರದಿಂದ ರಾತ್ರೋರಾತ್ರಿ ಹಡಗು ಹತ್ತಿ ಹೋದ ಮೇಲೂ ಕೈಬಿಡದೆ, ಸಮುದ್ರ ದಾಟಿ ಇಟಲಿಯ ಮಿಲಾನ್‌ವರೆಗೆ ಅವರನ್ನು ಅರಸಿಕೊಂಡು ಹೋದರು. ಕ್ರಿ.ಶ. 387ರ ಈಸ್ಟರ್‌ನಲ್ಲಿ ಮಗ ದೀಕ್ಷಾಸ್ನಾನ ಪಡೆದರು. ಅದೇ ವರ್ಷ, ಊರಿಗೆ ಮರಳುವ ಹಾದಿಯಲ್ಲಿ, ರೋಮ್ ಬಳಿಯ ಓಸ್ಟಿಯಾ ಬಂದರಿನಲ್ಲಿ ತಾಯಿ ತೀರಿಕೊಂಡರು. ಗಂಡನ ಸಮಾಧಿಯ ಪಕ್ಕದಲ್ಲೇ ಮಣ್ಣಾಗಬೇಕೆಂದು ಮೊದಲೆಲ್ಲ ಬಯಸಿದ್ದವರು, ಕೊನೆಗಾಲದಲ್ಲಿ, ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ದೇವರ ಪೀಠದ ಬಳಿ ನನ್ನನ್ನು ನೆನೆದರೆ ಸಾಕು ಎಂದರು. ಮಗನ ಪಾಂಡಿತ್ಯವನ್ನು ಕೊಂಡಾಡುವಾಗ ಇಂಥ ತಾಯಿಯನ್ನು ಒಂದೇ ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ. ಆ ದಿನ ಅವರ ಬದುಕಿನ ಕುರಿತು ಲೇಖನವೊಂದನ್ನು ಪ್ರಕಟಿಸಬೇಕೆಂದು ವಿನಂತಿ.

– ಓರ್ವ ಓದುಗ