ಬಾಡಿಗೆ ಮನೆ: ಲೆಕ್ಕ ಹಾಕದೆ ಗಂಟು ಬಿಚ್ಚಬೇಡಿ

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆಯಲ್ಲಿ ಮೇಷ್ಟ್ರೋ ಬ್ಯಾಂಕಿನವರೋ ನಿವೃತ್ತರಾದ ವಾರದೊಳಗೆ ಸಿಗುವ ಸಲಹೆ ಒಂದೇ: ‘ಇನ್ನೊಂದು ಮನೆ ತಗೊಂಡು ಬಾಡಿಗೆಗೆ ಬಿಡ್ರಿ, ಅದೇ ಪಿಂಚಣಿ’. ಹೀಗೆ ಹೇಳುವವರಲ್ಲಿ ಕಮಿಷನ್ ಆಸೆಯವರೂ ಇರುತ್ತಾರೆ, ನಿಜವಾದ ಹಿತೈಷಿಗಳೂ ಇರುತ್ತಾರೆ. ಇಬ್ಬರೂ ಕಾಗದ ಪೆನ್ನು ಹಿಡಿದಿರುವುದಿಲ್ಲ. ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ಪಡೆದದ್ದು), ಪಿಎಫ್ ಸೇರಿ ಬಂದ ಗಂಟು ಒಮ್ಮೆ ಇಟ್ಟಿಗೆ ಸಿಮೆಂಟಾದರೆ ಬೇಕೆಂದಾಗ ವಾಪಸ್ ಬರದು. ಹಾಗಾಗಿ ಲೆಕ್ಕ ಮೊದಲು ಆಗಲಿ.

ವಿದ್ಯಾನಗರದ ಕಡೆಯೋ ನಿಟುವಳ್ಳಿಯಲ್ಲೋ ಒಂದು ಮನೆಗೆ 60 ಲಕ್ಷ, ಬಾಡಿಗೆ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ನಿಮ್ಮ ಬೀದಿಯ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗದು. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎರಡೂ ಸೇರಿ 4.56 ಲಕ್ಷ. ಅಂದರೆ ಮನೆ ನಿಮಗೆ ಬಿದ್ದದ್ದು 64.56 ಲಕ್ಷಕ್ಕೆ. ಬಾಡಿಗೆ ವರ್ಷಕ್ಕೆ 1,80,000. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ಹೊತ್ತಿಗೆ ಒಂದು ತಿಂಗಳು ಹೋಯಿತೆಂದರೆ 15,000 ಕಳೆಯಿರಿ. ಕಂದಾಯಕ್ಕೆ 6,000. ನಾಲ್ಕು ವರ್ಷಕ್ಕೊಮ್ಮೆ ಸುಣ್ಣ ಬಣ್ಣಕ್ಕೆ 60,000 ಎಂದರೆ ವರ್ಷದ ಪಾಲು 15,000. ಮೋಟಾರು, ನಲ್ಲಿ, ಸಂಪು ತೊಳೆಸುವುದು, ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ತಕರಾರು ಇವಕ್ಕೆಲ್ಲ 9,000. ಕೈಯಲ್ಲಿ ಉಳಿಯುವುದು 1,35,000. ಹಾಕಿದ ದುಡ್ಡಿಗೆ ಇದು ಶೇ 2ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ತಿಂಗಳಿಗೆ 15,000 ಎಂದು ಎಣಿಸಿದ್ದು 11,250ಕ್ಕೆ ಇಳಿಯಿತು.

ಅದೇ 60 ಲಕ್ಷವನ್ನು ಗಂಡ ಹೆಂಡತಿ ಇಬ್ಬರೂ 60 ದಾಟಿದವರಾದರೆ ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 30 ಲಕ್ಷದಂತೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಮಿತಿ 15ರಿಂದ 30 ಲಕ್ಷಕ್ಕೆ, ಬಡ್ಡಿ ಶೇ 8.2ಕ್ಕೆ ಏರಿತು. ಈ ದರದಲ್ಲಿ ಮೂರು ತಿಂಗಳಿಗೊಮ್ಮೆ ಒಂದೊಂದು ಖಾತೆಗೆ 61,500 ಬರುತ್ತದೆ. ಎರಡೂ ಸೇರಿ ತಿಂಗಳಿಗೆ 41,000 ಬಿದ್ದಂತೆ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಕಿಗೆ ಜಮಾ. ಬಾಡಿಗೆದಾರರ ಬಾಗಿಲು ತಟ್ಟಬೇಕಿಲ್ಲ.

‘ಬಡ್ಡಿ ನಿಂತ ನೀರು, ಬಾಡಿಗೆ ಏರುತ್ತದಲ್ಲ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ವರ್ಷಕ್ಕೆ ಶೇ 5ರಂತೆ ತಪ್ಪದೆ ಏರಿಸುತ್ತ ಹೋದರೂ 15,000 ಬಾಡಿಗೆ 41,000 ಮುಟ್ಟಲು 21 ವರ್ಷ ಬೇಕು. ಅಷ್ಟರಲ್ಲಿ 60ರವರಿಗೆ 81 ಆಗಿರುತ್ತದೆ. ಇತ್ತ ಬಡ್ಡಿಯ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಬೆಲೆಗಳು ವರ್ಷಕ್ಕೆ ಶೇ 5 ಏರಿದರೆ 15 ವರ್ಷದ ನಂತರದ 41,000ಕ್ಕೆ ಈಗಿನ 20,000ದಷ್ಟೂ ಬೆಲೆ ಇರದು. ದರವೂ ಖಾತೆ ತೆರೆದ ದಿನದ್ದು ಐದು ವರ್ಷ ಮಾತ್ರ ನಿಲ್ಲುತ್ತದೆ. ಮೂರು ವರ್ಷಕ್ಕೆ ಮುಂದುವರಿಸುವಾಗ ಆ ಹೊತ್ತಿನ ದರ. 2020ರ ಏಪ್ರಿಲ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಇದೇ ಯೋಜನೆಯಲ್ಲಿ ಸಿಗುತ್ತಿದ್ದುದು ಶೇ 7.4. ಆದ್ದರಿಂದ ಬಂದ ಬಡ್ಡಿಯನ್ನೆಲ್ಲ ಉಣ್ಣಬೇಡಿ. 41,000ದಲ್ಲಿ ಹತ್ತು ಹನ್ನೆರಡು ಸಾವಿರ ತೆಗೆದಿಡುವವರಿಗೆ ಮಾತ್ರ ಈ ಲೆಕ್ಕ ಕೊನೆಯವರೆಗೆ ನಡೆಯುತ್ತದೆ. ಹೀಗೆ ತೆಗೆದಿಟ್ಟದ್ದನ್ನು ಏಳೆಂಟು ವರ್ಷ ಮುಟ್ಟುವುದಿಲ್ಲ ಎನ್ನುವವರು ಷೇರುಪೇಟೆಯ ಮ್ಯೂಚುವಲ್ ಫಂಡಿಗೆ ಹಾಕಬಹುದು. ತಿಂಗಳ ಖರ್ಚಿಗೆ ಬೇಕಾದ ದುಡ್ಡು ಮಾತ್ರ ಅಲ್ಲಿಗೆ ಹೋಗಬಾರದು. 2008ರಲ್ಲಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಹೋಗಿತ್ತು.

ಮನೆಯ ಬೆಲೆಯೂ ಏರುತ್ತದೆ ಎನ್ನುತ್ತಾರೆ. ಏರುವುದು ಜಾಗ, ಕಟ್ಟಡವಲ್ಲ. ಆಸ್ಪತ್ರೆಗೆ ನಾಲ್ಕು ಲಕ್ಷ ಬೇಕಾದಾಗ ಒಂದು ಕೋಣೆ ಮಾತ್ರ ಮಾರಲು ಬರುವುದಿಲ್ಲ. ಉಳಿತಾಯ ಯೋಜನೆಯನ್ನು ಅವಧಿಗೆ ಮುಂಚೆ ಮುಚ್ಚಿದರೆ ಒಂದು ವರ್ಷದ ನಂತರ ಅಸಲಿನ ಶೇ 1.5, ಎರಡು ವರ್ಷದ ನಂತರ ಶೇ 1 ಕಡಿತ, ಅಷ್ಟೇ. ಒಂದು ವರ್ಷದೊಳಗೆ ಮುಚ್ಚಿದರೆ ಮಾತ್ರ ಬಡ್ಡಿಯೇ ಇಲ್ಲ, ಕೊಟ್ಟ ಬಡ್ಡಿಯನ್ನೂ ಅಸಲಿನಲ್ಲಿ ಹಿಡಿದುಕೊಳ್ಳುತ್ತಾರೆ.

ತೆರಿಗೆಯಲ್ಲಿ ಬಾಡಿಗೆಗೆ ಅನುಕೂಲವಿದೆ. ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು ಲೆಕ್ಕ ಹಿಡಿಯುತ್ತಾರೆ. ಬಡ್ಡಿಗೆ ಹಾಗಿಲ್ಲ. ಆದರೆ ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳದಿರುವಾಗ, ನಮ್ಮೂರಿನ ಬಹುಪಾಲು ನಿವೃತ್ತರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್ (ಬಡ್ಡಿ ಕೊಡುವಾಗಲೇ ತೆರಿಗೆ ಕಡಿತ) ಹಿಡಿಯುತ್ತಾರೆ. ತೆರಿಗೆ ಬಾರದವರು ಏಪ್ರಿಲ್‌ನಲ್ಲೇ ಘೋಷಣೆ ಬರೆದುಕೊಟ್ಟರೆ ಆ ಅಲೆದಾಟ ತಪ್ಪುತ್ತದೆ.

30 ಲಕ್ಷದ ಮಿತಿ ಮೀರಿದ ದುಡ್ಡಿನ ವಿಷಯದಲ್ಲೇ ಜನ ಎಡವುವುದು. ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷ ಇಡಬಹುದು. ಶೇ 7.4ರ ದರಕ್ಕೆ 15 ಲಕ್ಷಕ್ಕೆ ತಿಂಗಳಿಗೆ 9,250. ಅದನ್ನು ಬಿಟ್ಟು ಅರ್ಧ, ಒಂದು ಪರ್ಸೆಂಟ್ ಹೆಚ್ಚಿಗೆ ಸಿಗುತ್ತದೆಂದು ಪತ್ತಿನ ಸಹಕಾರ ಸಂಘ, ಸೌಹಾರ್ದಗಳಲ್ಲಿ ಪೂರ್ತಿ ಗಂಟು ಇಡುವವರಿದ್ದಾರೆ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಇರುವುದು ಬ್ಯಾಂಕುಗಳಿಗೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರ ಬ್ಯಾಂಕಿಗೂ ಉಂಟು, ಪತ್ತಿನ ಸಂಘಕ್ಕೆ ಇಲ್ಲ. ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲದ ವ್ಯವಹಾರದ ಬಗ್ಗೆ ಹೇಳುವುದೇ ಬೇಡ.

ಹಾಗಾದರೆ ಬಾಡಿಗೆ ಎಂಬುದು ಬೇಡವೇ ಬೇಡವೇ? ಇರುವ ಸ್ವಂತ ಮನೆಯ ಮೇಲೆ ಒಂದು ಮಹಡಿ ಎತ್ತುವುದು ಬೇರೆ ಮಾತು. ಅಲ್ಲಿ ಜಾಗಕ್ಕೆ ದುಡ್ಡಿಲ್ಲ, ನೋಂದಣಿ ಖರ್ಚಿಲ್ಲ. 900 ಚದರಡಿಗೆ 2,000ದಂತೆ 18 ಲಕ್ಷ ಹಿಡಿದು, ಬಾಡಿಗೆ 10,000 ಬಂದು, ಖರ್ಚಿಗೆ ವರ್ಷಕ್ಕೆ 25,000 ಕಳೆದರೂ ಉಳಿಯುವುದು ಶೇ 5.3ರ ಸುಮಾರು. ವರ್ಷ ವರ್ಷ ಏರುವ ಶೇ 5ಕ್ಕೂ ನಿಂತೇ ಇರುವ ಶೇ 8ಕ್ಕೂ ಹೋಲಿಕೆ ಒಪ್ಪುತ್ತದೆ. ಶೇ 2ಕ್ಕೆ ಒಪ್ಪುವುದಿಲ್ಲ. ಕೆಳಗೆ ನೀವೇ ಇರುವುದರಿಂದ ಮೇಲ್ವಿಚಾರಣೆಯೂ ಸಲೀಸು.

ಮಹಡಿಗೆ ಕೈ ಹಾಕುವ ಮುನ್ನ ಎಂಜಿನಿಯರ್ ಒಬ್ಬರಿಂದ ಅಡಿಪಾಯ ನೋಡಿಸಿ. ಪಿಜೆ ಬಡಾವಣೆಯಂಥ ಹಳೆಯ ಭಾಗಗಳಲ್ಲಿ ಪಿಲ್ಲರ್ ಇಲ್ಲದೆ ಗೋಡೆಯ ಮೇಲೇ ಭಾರ ನಿಂತ ಮನೆಗಳಿವೆ. ಅವುಗಳ ಮೇಲೆ ಮೇಸ್ತ್ರಿ ಮಾತು ನಂಬಿ ಕಟ್ಟಿದರೆ ಕೆಳಗಿನ ಗೋಡೆ ಬಿರುಕು ಬಿಡುತ್ತದೆ. ಪಾಲಿಕೆಯ ಪರವಾನಗಿ ತೆಗೆದುಕೊಳ್ಳಿ. ಮೆಟ್ಟಿಲು ಹೊರಗಿನಿಂದಲೇ ಇರಲಿ. ಬೆಸ್ಕಾಂನಿಂದ ಬೇರೆ ಮೀಟರ್, ಬೇರೆ ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಮಾಡಿಸಿ. ಎರಡು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ತಿಂಗಳಿಗೆ 200 ಯೂನಿಟ್ ದಾಟಿ ಗೃಹಜ್ಯೋತಿಯ ಉಚಿತ ವಿದ್ಯುತ್ತಿನ ಲಾಭ ಇಬ್ಬರಿಗೂ ತಪ್ಪುತ್ತದೆ, ಬಿಲ್ಲಿನ ಜಗಳ ಬೇರೆ.

ಮೆಡಿಕಲ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟರೆ ಬಾಡಿಗೆ ಹೆಚ್ಚು ಎಂಬುದು ನಿಜ. ರಜೆಯಲ್ಲಿ ಖಾಲಿ ಬೀಳುವುದು, ಸವೆತ ಜಾಸ್ತಿ ಎಂಬುದೂ ಅಷ್ಟೇ ನಿಜ. ಅಂಥಲ್ಲಿ ಹತ್ತು ತಿಂಗಳ ಬಾಡಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಕರಾರು 11 ತಿಂಗಳದ್ದಿರಲಿ. ಒಂದು ವರ್ಷ ಮೀರಿದ್ದಕ್ಕೆ ನೋಂದಣಿ ಕಡ್ಡಾಯ. ಏರಿಕೆ ಎಷ್ಟೆಂಬುದನ್ನು ಕರಾರಿನಲ್ಲೇ ಬರೆಸಿ, ಬಾಯಿಮಾತಿಗೆ ಬಿಡಬೇಡಿ. ಅಡ್ವಾನ್ಸ್ ನಿಮ್ಮ ದುಡ್ಡಲ್ಲ, ಸಾಲ. ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆಯ ಬದಲು ಒಂದೇ ದೊಡ್ಡ ಮೊತ್ತ ಪಡೆದು, ಕೊಡುವವರು ಇದನ್ನು ಮರೆಯುವುದೇ ಹೆಚ್ಚು. 6 ಲಕ್ಷ ಭೋಗ್ಯಕ್ಕೆ ಶೇ 7ರ ಬಡ್ಡಿ ತಿಂಗಳಿಗೆ 3,500. ಅಷ್ಟಕ್ಕೆ ನಿಮ್ಮ ಮನೆ ಬಾಡಿಗೆಗೆ ಸಿಗುತ್ತದೆಯೇ? ಆ 6 ಲಕ್ಷ ಮದುವೆಗೋ ಕಾರಿಗೋ ಹೋಗಿ, ಮೂರು ವರ್ಷದ ನಂತರ ತೀರಿಸಲು ಸಾಲ ಮಾಡಿದರೆ ಬಾಡಿಗೆ ಮನೆಯೇ ಹೊರೆಯಾಗುತ್ತದೆ.

ಈಗಾಗಲೇ ಎರಡನೇ ಮನೆ ಇರುವವರು ‘1998ರಲ್ಲಿ 5 ಲಕ್ಷಕ್ಕೆ ತಗೊಂಡಿದ್ದು, ಈಗ 12,000 ಬರುತ್ತೆ’ ಎಂದು ಬೀಗುತ್ತಾರೆ. ಲೆಕ್ಕಕ್ಕೆ ಬರುವುದು ಇಂದು ಮಾರಿದರೆ ಸಿಗುವ ಬೆಲೆ, ಅಂದು ಕೊಟ್ಟದ್ದಲ್ಲ. ಮಾರಿದರೆ ಲಾಭಕ್ಕೆ ತೆರಿಗೆಯಿದೆ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಮನೆಗೆ ಶೇ 12.5, ಇಲ್ಲವೇ ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಂತೆ ಏರಿಸಿಕೊಂಡು ಶೇ 20, ಇವೆರಡರಲ್ಲಿ ಕಡಿಮೆ ಬೀಳುವುದು. 2001ಕ್ಕಿಂತ ಹಳೆಯದಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನೇ ಕೊಂಡ ಬೆಲೆಯೆಂದು ಹಿಡಿಯಬಹುದು. 12 ಲಕ್ಷದ ರಿಯಾಯಿತಿ ಈ ಲಾಭಕ್ಕೆ ಅನ್ವಯಿಸುವುದಿಲ್ಲ. ತೆರಿಗೆ ಕಳೆದು ಉಳಿಯುವ ಮೊತ್ತದ ಶೇ 8.2 ಎಷ್ಟೆಂದು ನೋಡಿ, ಈಗ ಕೈಗೆ ಉಳಿಯುತ್ತಿರುವ ಬಾಡಿಗೆಯ ಪಕ್ಕ ಬರೆದುಕೊಳ್ಳಿ. ಮನೆಯ ಖಾತೆ ಇನ್ನೂ ತಂದೆಯ ಹೆಸರಿನಲ್ಲೋ ಅಣ್ಣತಮ್ಮಂದಿರ ಜಂಟಿಯಲ್ಲೋ ಇದ್ದರೆ, ಮಾರುವುದಾಗಲಿ ಇಟ್ಟುಕೊಳ್ಳುವುದಾಗಲಿ, ಇ-ಖಾತೆ ಸರಿಮಾಡಿಸಿ ಋಣಭಾರ ಪತ್ರ ತೆಗೆಸುವ ಕೆಲಸವನ್ನು ಓಡಾಡುವ ಶಕ್ತಿ ಇರುವಾಗಲೇ ಮುಗಿಸಿ.

– ಒಬ್ಬ ತೆರಿಗೆ ಸಲಹೆಗಾರ, ದಾವಣಗೆರೆ