ಊರಿನ ಹೆಸರು ತೆಗೆಯುವ ಮುಂಚೆ

ಪ್ರಿಯ ಗೆಳತಿ,

ನಿಮ್ಮ ಕತೆಗಳ ಕಟ್ಟು ಸಿಕ್ಕಿತು. ಎರಡು ಸಲ ಓದಿದೆ. ಮುಂದೆ ಇಂಗ್ಲಿಷಿಗೆ ಹೋದರೆ ಕಷ್ಟ ಆಗುತ್ತೆ ಅಂತ ಊರಿನ ಹೆಸರು ತೆಗೆದು 'ಒಂದು ಸಣ್ಣ ಪಟ್ಟಣ' ಎಂದು ಮಾಡಿದ್ದೀರಿ. ನಾನು ಎಡವಿದ್ದು ಅಲ್ಲೇ.

ಈಚೆಗೆ ನಾನು ಲಾಟ್ವಿಯಾದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ. ಇಡೀ ದೇಶ ಸೇರಿದರೂ 20 ಲಕ್ಷ ಜನ ಇಲ್ಲ. ನೋರಾ ಇಕ್ಸ್ತೆನಾ ಅವರ ಕಾದಂಬರಿ 2015ರಲ್ಲಿ ಬಂತು. ಅಲ್ಲಿ ಅದರ ಹೆಸರು 'ತಾಯಿಹಾಲು' ಅಂತ. 2018ರಲ್ಲಿ ಮಾರ್ಗಿತಾ ಗೈಲಿಟಿಸ್ ಅವರ ಅನುವಾದ ಬರುವಾಗ 'ಸೋವಿಯತ್ ಮಿಲ್ಕ್' ಆಗಿತ್ತು. ತಾಯಿ ಎದ್ದುಹೋಗಿ ಆ ಜಾಗದಲ್ಲಿ ಸೋವಿಯತ್ ಬಂದು ಕೂತಿತು! ಯಾನಿಸ್ ಯೋನ್ಯೆವ್ಸ್ ಅವರ 'ಯೆಲ್ಗಾವಾ 94' ಕೂಡ ಅದೇ ವರ್ಷ 'ಡೂಮ್ 94' ಆಯಿತು. ಯೆಲ್ಗಾವಾ ಒಂದು ಊರು, ರಾಜಧಾನಿ ರೀಗಾದಿಂದ ಜಾಸ್ತಿ ದೂರ ಇಲ್ಲ. ಅಮೆರಿಕದ ರಾಕ್ ಗಾಯಕ ಕರ್ಟ್ ಕೋಬೇನ್ ಸತ್ತ ವರ್ಷ, 1994ರಲ್ಲಿ, ಅಲ್ಲಿನ ಹುಡುಗನೊಬ್ಬ ಹೆವಿ ಮೆಟಲ್ ಸಂಗೀತದ ಹುಚ್ಚು ಹಿಡಿಸಿಕೊಳ್ಳುತ್ತಾನೆ. ಡೂಮ್ ಅನ್ನುವುದು ಮೆಟಲ್‌ನ ಒಂದು ಬಗೆ, ಹಾಗಾಗಿ ಹೆಸರು ತೀರಾ ಸಂಬಂಧ ಇಲ್ಲದ್ದೇನಲ್ಲ. ಪುಸ್ತಕ ಮಾರುವವರಿಗೆ ಅವರದೇ ಚಿಂತೆ ಇರುತ್ತೆ. ಆದರೆ ಬದಲಾದದ್ದು ಹೊದಿಕೆಯ ಮೇಲೆ. ಒಳಗೆ ಯೆಲ್ಗಾವಾ ಯೆಲ್ಗಾವಾನೇ. ನೀವು ಒಳಗೇ ಕೈ ಹಾಕಿದ್ದೀರಿ, ಅದೂ ಯಾರೂ ಕೇಳುವ ಮುಂಚೆ.

ಇಕ್ಸ್ತೆನಾ ಕಾದಂಬರಿಯ ತಾಯಿ ಡಾಕ್ಟರು. ತನ್ನೊಳಗಿನ ಕಹಿ ಮಗುವಿಗೆ ಇಳಿಯಬಾರದೆಂದು ಹಾಲೂಡಿಸದೆ ಕೆಲವು ದಿನ ಮನೆ ಬಿಟ್ಟು ಹೋಗುತ್ತಾಳೆ. ಮುಂದೆ ಮಗಳಿಗೆ ಹಾಲು ಕಂಡರೆ ವಾಕರಿಕೆ. ಒಮ್ಮೆ ತಾಯಿ ಕತೆ ಹೇಳುತ್ತಾಳೆ, ಒಮ್ಮೆ ಮಗಳು. ಅಲ್ಲಿ ಸೋವಿಯತ್ ಆಡಳಿತ ಹೇಗಿತ್ತು ಎಂದು ನನಗೆ ತಿಳಿದದ್ದು ಆ ವಾಕರಿಕೆಯಿಂದ. ಅಂದಹಾಗೆ ಇಬ್ಬರಿಗೂ ಹೆಸರೇ ಇಲ್ಲ! ಹಾಗಾಗಿ ಹೆಸರು ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕತೆಗೆ ಬೇಕಿತ್ತು, ತೆಗೆದರು. ನೀವು ತೆಗೆದದ್ದು ಹೆದರಿ, ಅಲ್ವಾ?

ಕಾರ್ಲಿಸ್ ವೆರ್ದಿನ್ಷ್ ಅವರ ಒಂದು ಗದ್ಯಕವಿತೆ ಇದೆ, ಇಯೆವಾ ಲೆಶಿನ್ಸ್ಕಾ ಅನುವಾದದಲ್ಲಿ ಓದಿದೆ. ರಾತ್ರಿ ಎರಡು ಗಂಟೆ, ಅಂಗಡಿ ಎಲ್ಲ ಮುಚ್ಚಿವೆ. 'ಐ ಲವ್ ಯೂ' ಅನ್ನುವ ಬಾರಿನಲ್ಲಿ ಒಂದು ಚೀಸ್ ಸ್ಯಾಂಡ್‌ವಿಚ್ ಸಿಗುತ್ತೆ. ಕವಿತೆ ಹೇಳುವವನು ಅದನ್ನು ತನ್ನ ಪ್ರೀತಿಯ ಜೀವಕ್ಕೆ ಕೊಡಲು ಹೊರಟಿದ್ದಾನೆ. ಆ ಬಾರು ಯಾವ ಬೀದಿಯದು, ಅಲ್ಲಿಗೆ ಯಾರು ಬರುತ್ತಾರೆ, ಯಾವ ವಿವರಣೆಯೂ ಇಲ್ಲ. ನಾನು ಕೇಳಲೂ ಇಲ್ಲ. ಸ್ಯಾಂಡ್‌ವಿಚ್ ತಲುಪುತ್ತೋ ಇಲ್ಲವೋ ಅನ್ನುವುದೇ ನನ್ನ ಆತಂಕವಾಗಿತ್ತು.

ಊರಿನ ಹೆಸರು ವಾಪಸ್ ಹಾಕಿ ಮೂರನೇ ಕತೆ ಇನ್ನೊಮ್ಮೆ ಕಳಿಸಿ. ಅದರಲ್ಲಿ ಗಿಣ್ಣು ಅಂದರೆ ಏನು ಎಂದು ಎರಡು ಸಾಲು ಬರೆದಿದ್ದೀರಲ್ಲ, ಅದನ್ನೂ ಹೊಡೆದುಹಾಕಿ. ಎಮ್ಮೆ ಈದ ಮನೆಯಲ್ಲಿ ಅಜ್ಜಿ ಅದನ್ನು ಯಾರಿಗೆ ವಿವರಿಸುತ್ತಿದ್ದಾಳೆ?

ನಿಮ್ಮ
ಹಿರಿಯ ಗೆಳೆಯ