ಬಾಡಿಗೆ ಕೇಳುವ ಮೊದಲು ಸಂಪಿನ ಮುಚ್ಚಳ ತೆಗೆಸಿ

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ನಮ್ಮ ಬಸವೇಶ್ವರನಗರದ ಬೀದಿಗಳಲ್ಲಿ ಮನೆ ಸಾಮಾನು ಹೇರಿದ ಟೆಂಪೊಗಳ ಓಡಾಟ ಶುರುವಾಗುತ್ತದೆ. ಮಂಚದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಗ್ಯಾಸ್ ಒಲೆ, ಎಲ್ಲಕ್ಕಿಂತ ಮೇಲೆ ತುಳಸಿ ಕುಂಡ ಹಿಡಿದು ಕುಳಿತ ಒಬ್ಬ ಹುಡುಗ. ಬೆಂಗಳೂರಿಗೆ ಹೊಸಬರು ಬಂದಿಳಿಯುವ ಕಾಲ ಇದು. ಅವರಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರ ಓದಿ ಸಹಿ ಹಾಕಿ, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಕಚೇರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಭಾನುವಾರ ಅಲ್ಲ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿ ಎಂದೆಲ್ಲ ಹೇಳುತ್ತಾರೆ. ಎಲ್ಲವೂ ಸರಿಯೇ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಊರಿನ ಬೀದಿಗಳಲ್ಲಿ ಕಾವೇರಿ ನೀರಿನ ವಾಲ್ವ್ ತಿರುಗಿಸಿದವನಿಗೆ ಇದೆಲ್ಲ ಎರಡನೆಯ ಮಾತಾಗಿ ಕಾಣುತ್ತದೆ.

ಮೊದಲನೆಯ ಮಾತು ನೀರು. ಹೊಳೆ ದಂಡೆಯ ಊರಿನಿಂದ, ಇಲ್ಲವೇ ಹಿತ್ತಲಿನಲ್ಲಿ ಬಾವಿ ಇರುವ ಮನೆಯಿಂದ ಬಂದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಬೆಂಗಳೂರಿಗೆ ಸ್ವಂತದ್ದು ಎನ್ನುವ ದೊಡ್ಡ ನದಿಯಿಲ್ಲ. ನಾವು ಕುಡಿಯುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಿನ ದೂಡುವಿಕೆಗೆ ಸಿಕ್ಕಿ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತದೆ. ಅಲ್ಲಿ ಕರೆಂಟು ಕೈಕೊಟ್ಟರೆ ಇಲ್ಲಿ ನಲ್ಲಿ ಬುಸ್ಸೆನ್ನುತ್ತದೆ. ‘ನಾಳೆ ನೀರು ಪೂರೈಕೆಯಲ್ಲಿ ವ್ಯತ್ಯಯ’ ಎಂದು ನಿಮ್ಮಂಥ ಪತ್ರಿಕೆಗಳ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಬರುತ್ತದಲ್ಲ, ಹೊಸಬರು ಕನ್ನಡ ಓದಲು ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಇಷ್ಟು ಹೇಳಲು ಕಾರಣ ನನ್ನ ತಂಗಿಯ ಮಗ. ಚನ್ನರಾಯಪಟ್ಟಣದ ಹುಡುಗ. 2024ರ ಜನವರಿಯಲ್ಲಿ ಕೆಲಸ ಸಿಕ್ಕಿ ಬಂದ. ನನ್ನನ್ನು ಕೇಳದೆ ಊರಿನ ಪೂರ್ವದ ಅಂಚಿನಲ್ಲಿ ಮನೆ ಹಿಡಿದು, ಒಂದು ಲಕ್ಷ ಮುಂಗಡ ಕೊಟ್ಟ ಮೇಲೆ ಫೋನ್ ಮಾಡಿದ. “ಮಾವ, ಮನೆ ಬಹಳ ಚೆನ್ನಾಗಿದೆ. ಗಾಳಿ, ಬೆಳಕು ಎಲ್ಲ ಇದೆ. ಇಪ್ಪತ್ತನಾಲ್ಕು ಗಂಟೆ ನೀರು.”

“ಯಾವ ನೀರಪ್ಪ?” ಎಂದೆ.

“ಯಾವ ನೀರು ಎಂದರೆ? ನೀರು, ಮಾವ.”

ಮರುದಿನವೇ ಹೊರಟು ಹೋದೆ. ಹೊಸ ಕಟ್ಟಡ, ಎಂಟು ಮನೆ. ನಾನು ಹಾಲ್ ನೋಡಲಿಲ್ಲ, ನೇರವಾಗಿ ಬಚ್ಚಲಿಗೆ ಹೋದೆ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದು ನೀಲಿ ಬಕೆಟ್ ಅಲ್ಲಿತ್ತು. ಅದರ ಒಳ ಅಂಚಿನಲ್ಲಿ ಉಗುರಿನಿಂದ ಕೆರೆದರೂ ಏಳದ ಬಿಳಿ ಪದರ. ನಲ್ಲಿಯ ಬಾಯಲ್ಲೂ ಅದೇ ಸುಣ್ಣ. ಕೈಗೆ ಸೋಪು ಹಾಕಿದರೆ ನೊರೆ ಬರಲೊಲ್ಲದು. ಕೊಳವೆಬಾವಿಯ ಗಡಸು ನೀರು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಾಳುಕಾಳಾಗಿಯೇ ಇರುತ್ತದೆ ಎಂಬುದನ್ನು ಯಾವ ಗೃಹಿಣಿಯಾದರೂ ಹೇಳುತ್ತಾಳೆ.

ಆಮೇಲೆ ಗೇಟಿನ ಪಕ್ಕದ ಸಂಪಿನ, ಅಂದರೆ ನೆಲದಡಿಯ ನೀರಿನ ತೊಟ್ಟಿಯ, ಮುಚ್ಚಳ ತೆಗೆಸಿದೆ. ಕಟ್ಟಡ ನೋಡಿಕೊಳ್ಳುವವನು ಮುಖ ಸಿಂಡರಿಸಿಕೊಂಡೇ ತೆಗೆದ. ಒಂದು ಒಣಕೋಲು ಇಳಿಬಿಟ್ಟು ನೋಡಿದರೆ ತಳದಿಂದ ಬಾಯಿಗೆ ಐದು ಅಡಿ, ಅದರಲ್ಲಿ ನೆನೆದದ್ದು ಒಂದು ಗೇಣು. ಉದ್ದ ಆರು ಅಡಿ, ಅಗಲ ಐದು. ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು ಮತ್ತೆ 28ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಅಂದರೆ ಬಾಯಿ ಮಟ್ಟ ತುಂಬಿದರೂ 4,200 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ಎಂಟು ಮನೆಗೆ ಮೂರು ಮೂರು ಜನ ಎಂದುಕೊಂಡರೂ ಒಂದು ದಿನಕ್ಕೆ 3,240 ಲೀಟರ್ ಬೇಕು. 6,000 ಲೀಟರ್‌ನ ಟ್ಯಾಂಕರ್ ತರಿಸಿದರೆ ಅದರ ನೀರು ಪೂರ್ತಿ ಹಿಡಿಸಲಿಕ್ಕೂ ಆ ಸಂಪಿನಲ್ಲಿ ಜಾಗವಿಲ್ಲ. ಮುಂಭಾಗಕ್ಕೆ ಗ್ರಾನೈಟ್ ಹಾಕಿಸುವಾಗ ಮಾಲೀಕರಿಗೆ ಸಂಪು ನೆನಪಾಗಲಿಲ್ಲ. ಇಪ್ಪತ್ತನಾಲ್ಕು ಗಂಟೆ ನೀರು ಎಂದರೆ ತಾರಸಿಯ ಮೇಲೊಂದು ಟ್ಯಾಂಕ್ ಇದೆ ಎಂದಷ್ಟೇ ಅರ್ಥ. ಅದರೊಳಗೆ ಏನು ಬೀಳುತ್ತದೆ, ಎಲ್ಲಿಂದ ಬೀಳುತ್ತದೆ ಎಂಬುದು ಬೇರೆ ಪ್ರಶ್ನೆ.

ಮುಂದೆ ಆದದ್ದನ್ನು ಬೆಂಗಳೂರಿನವರು ಯಾರೂ ಮರೆತಿಲ್ಲ. ಫೆಬ್ರುವರಿ ಕೊನೆಗೆ ಆ ಕಟ್ಟಡದ ಕೊಳವೆಬಾವಿ ಬರೀ ಗಾಳಿ ಉಗುಳತೊಡಗಿತು. ಟ್ಯಾಂಕರ್‌ನವನು ಒಂದು ಲೋಡಿಗೆ 1,800 ರೂಪಾಯಿ ಕೇಳಿದ. ಮಾರ್ಚ್‌ನಲ್ಲಿ ಜಿಲ್ಲಾಡಳಿತ 6,000 ಲೀಟರ್‌ಗೆ, ಐದು ಕಿಲೋಮೀಟರ್ ಒಳಗಾದರೆ, 600 ರೂಪಾಯಿ ಎಂದು ದರ ಗೊತ್ತುಮಾಡಿತು. ದರ ಇಳಿಯಿತು, ನಮ್ಮ ಹುಡುಗನ ಬೀದಿಗೆ ಬರುವ ಟ್ಯಾಂಕರ್ ಮಾತ್ರ ಫೋನ್ ಎತ್ತುವುದನ್ನು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಮನೆ ಬಿಟ್ಟ. ಬಣ್ಣಕ್ಕೆ ಒಂದು ತಿಂಗಳು, ಕರಾರು ಮುಗಿಯುವ ಮೊದಲೇ ಬಿಟ್ಟದ್ದಕ್ಕೆ ಇನ್ನೊಂದು ತಿಂಗಳು ಕಳೆದು, 36,000 ರೂಪಾಯಿ ಹೋಯಿತು. ಅವನ ತಾಯಿಗೆ ಇವತ್ತಿಗೂ ಅದನ್ನು ಹೇಳಿಲ್ಲ. ಈ ಪತ್ರ ಅಚ್ಚಾದರೆ ಗೊತ್ತಾಗಬಹುದು, ಆಗಲಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗಾಗಿ. ಸಂತೋಷದ ಸಂಗತಿ, ಅಲ್ಲವೆನ್ನುವವನು ನಾನಲ್ಲ. ಆದರೆ ಈಗ ಮನೆ ತೋರಿಸುವವರಿಗೆ ಹೊಸದೊಂದು ಮಾತು ಸಿಕ್ಕಿದೆ: ‘ಕಾವೇರಿ ಬಂದಿದೆ’. ರಸ್ತೆಯಲ್ಲಿ ಕೊಳವೆ ಹೂತ ಮಾತ್ರಕ್ಕೆ ಮನೆಯೊಳಗೆ ನೀರು ಬಂದಂತಾಗಲಿಲ್ಲ. ಮಾಲೀಕರು ಅರ್ಜಿ ಹಾಕಿ, ದುಡ್ಡು ಕಟ್ಟಿ, ಸಂಪರ್ಕ ಪಡೆದು, ಮೀಟರ್ ಕೂರಿಸಿರಬೇಕು. ಆದ್ದರಿಂದ ಮೀಟರ್ ಎಲ್ಲಿದೆ ತೋರಿಸಿ ಎನ್ನಿ. ಕಳೆದ ತಿಂಗಳ ನೀರಿನ ಬಿಲ್ ತೋರಿಸಿ ಎನ್ನಿ. ಇದ್ದವರು ತೋರಿಸುತ್ತಾರೆ; ಇಲ್ಲದವರು ಹವಾಮಾನದ ಬಗ್ಗೆ ಮಾತು ತೆಗೆಯುತ್ತಾರೆ.

ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ನೀರು ಬರುತ್ತದೆ ಎಂಬುದನ್ನು ಮಾಲೀಕರನ್ನು ಕೇಳಬೇಡಿ. ಮರದಡಿ ಇಸ್ತ್ರಿ ಮಾಡುವವರನ್ನು ಕೇಳಿ, ಎರಡು ಮೂರು ಮನೆ ಕೆಲಸ ಮಾಡುವ ಹೆಂಗಸರನ್ನು ಕೇಳಿ. ಯಾವ ಮನೆಯ ಪಾತ್ರೆಯನ್ನು ಯಾವ ನೀರಿನಲ್ಲಿ ತೊಳೆಯುತ್ತಾರೆ ಎಂಬುದು ಅವರ ಕೈಗೇ ಗೊತ್ತು. ಬೀದಿಯ ಏರು ತಗ್ಗನ್ನೂ ನೋಡಿ. ನಸುಕಿನ ಮೂರು ಗಂಟೆಗೆ ಎದೆಯೆತ್ತರದ ಕಬ್ಬಿಣದ ಕೀಲಿ ಇಳಿಸಿ ನಾನು ವಾಲ್ವ್ ತಿರುಗಿಸಿದರೆ, ಮೊದಲು ಕೊಳವೆಯೊಳಗೆ ಗಾಳಿ ಸೀಟಿ ಹೊಡೆಯುತ್ತಿತ್ತು, ಆಮೇಲೆ ಕೆಮ್ಮಣ್ಣಿನ ನೀರು, ಆಮೇಲೆ ತಿಳಿ. ತಗ್ಗಿನ ಮನೆಗಳ ಮೋಟರ್ ಒಂದೊಂದಾಗಿ ಗುಂಯ್‌ಗುಡುವುದು ಕೇಳುತ್ತಿತ್ತು. ಏರಿನ ತುದಿಯ ಮನೆಯವರು ಟಾರ್ಚ್ ಹಿಡಿದು ಗೇಟಿನ ಬಳಿ ನಿಂತೇ ಇರುತ್ತಿದ್ದರು. “ಇನ್ನೂ ಹತ್ತು ನಿಮಿಷ ಬಿಡಿ ಸ್ವಾಮಿ, ಮನೆಯಲ್ಲಿ ಮದುವೆಯಿದೆ.” ವರ್ಷಕ್ಕೆ ನಾಲ್ಕು ಸಲ ಮದುವೆಯಾಗುತ್ತಿದ್ದ ಮನೆಯೊಂದಿತ್ತು. ಕಾಫಿ ಕೊಟ್ಟ ಬೀದಿಗೆ ಐದು ನಿಮಿಷ ಹೆಚ್ಚು ಬಿಟ್ಟದ್ದೂ ಉಂಟು, ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ.

ಹಾಗೆಂದು ತಗ್ಗಿನ ಮನೆಯನ್ನು ಕಣ್ಣುಮುಚ್ಚಿ ಹಿಡಿಯುವಂತೆಯೂ ಇಲ್ಲ. ಈ ಊರಿನ ತಗ್ಗೆಲ್ಲ ಹೆಚ್ಚಾಗಿ ಕೆರೆ, ಇಲ್ಲವೇ ರಾಜಕಾಲುವೆ. ನೀವು ಬಸ್ ಇಳಿಯುವ ಮೆಜೆಸ್ಟಿಕ್ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು ಟೀವಿಯಲ್ಲಿ ನೋಡಿದ್ದೇವೆ. ಮನೆ ನೋಡಲು ಹೋದಾಗ ಅಕ್ಕಪಕ್ಕದ ಗೇಟುಗಳ ಮುಂದೆ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ ಕಂಡರೆ, ಕಾಂಪೌಂಡ್ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಓಡುವ ಕಂದು ಗೆರೆ ಕಂಡರೆ, ಮುಂಗಡದ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸು ಬನ್ನಿ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ ಇದೆ. ‘ಮನೆ ಬಾಡಿಗೆಗಿದೆ’ ಎಂಬ ಜಾಹೀರಾತುಗಳಲ್ಲಿ ‘ಪೂರ್ವ ದಿಕ್ಕು’, ‘ಸಸ್ಯಾಹಾರಿಗಳಿಗೆ ಮಾತ್ರ’, ‘ಕಾರ್ ನಿಲುಗಡೆ’ ಎಂದೆಲ್ಲ ಅಚ್ಚು ಹಾಕುತ್ತೀರಿ. ಅದರ ಜೊತೆಗೆ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಈ ಮೂರರಲ್ಲಿ ಒಂದು ಪದವನ್ನು ಕಡ್ಡಾಯವಾಗಿ ಬರೆಸಲು ಆಗದೇ? ಒಂದೇ ಪದ. ಪದಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವುದಾದರೆ ಅದೊಂದನ್ನು ಬಿಟ್ಟಿಯಾಗಿ ಹಾಕಿ.

ನನ್ನ ಸೋದರಳಿಯ ಈಗ ವಿಜಯನಗರದಲ್ಲಿದ್ದಾನೆ. ಹಳೆಯ ಮನೆ, ಹಾಲ್ ಚಿಕ್ಕದು, ದಿನ ಬಿಟ್ಟು ದಿನ ಕಾವೇರಿ. ಹೋದ ಭಾನುವಾರ ಬಂದವನು ಗೆಳೆಯನಿಗೆ ಮನೆ ನೋಡಲಿಕ್ಕಿದೆ ಎಂದು ಹಿತ್ತಲಿನಲ್ಲಿ ಒರಗಿಸಿದ್ದ ನನ್ನ ಒಣಕೋಲನ್ನು ತೆಗೆದುಕೊಂಡು ಹೋದ. ಇನ್ನೂ ತಂದುಕೊಟ್ಟಿಲ್ಲ.

ಇಂತಿ ತಮ್ಮ ಓದುಗ,
ಒಬ್ಬ ನಿವೃತ್ತ ನೀರುಗಂಟಿ
ಬಸವೇಶ್ವರನಗರ, ಬೆಂಗಳೂರು